ಪ್ಲೇಟಿನ ದನಿ ಹಿಡಿದು ಊರು ಹುಡುಕಿದವರು

1942ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಉತ್ಪಾದನಾ ಮಂಡಳಿ ಅಲ್ಲಿನ ಗ್ರಾಮಫೋನ್ ಕಂಪನಿಗಳಿಗೆ ಆಜ್ಞೆಯೊಂದನ್ನು ಹೊರಡಿಸಿತು. ಪ್ಲೇಟು ತಯಾರಿಕೆಗೆ ಬಳಸುವ ಅರಗನ್ನು ಶೇ 70ರಷ್ಟು ಕಡಿತ ಮಾಡಬೇಕು ಎಂಬುದು ಆ ಆಜ್ಞೆ. ಆ ಅರಗಿನಲ್ಲಿ ಬಹುಪಾಲು ಹೋಗುತ್ತಿದ್ದುದು ನಮ್ಮ ದೇಶದಿಂದ. ಛೋಟಾ ನಾಗಪುರದ ಕಾಡುಗಳಲ್ಲಿ ಮುತ್ತುಗದಂಥ ಮರಗಳ ಕೊಂಬೆಗೆ ಮುತ್ತಿಕೊಳ್ಳುವ ಪುಟ್ಟ ಹುಳುಗಳು ಒಸರುವ ಅಂಟು ಅದು. ಚನ್ನಪಟ್ಟಣದಲ್ಲಿ ಹಾಲೆ ಮರದ ಗೊಂಬೆಗಳಿಗೆ ಬಣ್ಣ ಹಿಡಿಸುವುದೂ ಇದೇ ಅರಗು. ಕಲ್ಲಿನ ಪುಡಿ, ಮಸಿ, ಹತ್ತಿಯ ನಾರು ಇವನ್ನೆಲ್ಲ ಅರಗಿನಲ್ಲಿ ಬೆರೆಸಿ, ಬಿಸಿಮಾಡಿ, ಅಚ್ಚಿಗೆ ಒತ್ತಿದರೆ ನಿಮಿಷಕ್ಕೆ 78 ಸುತ್ತು ತಿರುಗುವ ಪ್ಲೇಟು ಸಿದ್ಧ. ಯುದ್ಧದ ಕಾಲದಲ್ಲಿ ಸಮುದ್ರದ ದಾರಿ ಅಪಾಯದ್ದಾಯಿತು, ಬಂದಷ್ಟು ಅರಗೂ ಸೇನೆಯ ಕೆಲಸಕ್ಕೆ ಬೇಕಾಯಿತು. ಹಳೆಯ ಪ್ಲೇಟು ತಂದುಕೊಟ್ಟು ಹೊಸದು ಒಯ್ಯಿರಿ ಎಂದು ಕಂಪನಿಗಳು ಜನರನ್ನು ಕೇಳಿಕೊಂಡವು. ಮನೆಮನೆಗಳ ಹಾಡುಗಳು ಹೀಗೆ ಗುಜರಿಗೆ ಬಂದು ರಾಶಿಬಿದ್ದವು. ಪುಡಿಯಾಗಿ, ಕರಗಿ, ಇನ್ನೊಂದು ಹಾಡಾಗುವ ಸರದಿಯಲ್ಲಿದ್ದವು.

ಆ ರಾಶಿಯಿಂದ ಪ್ಲೇಟುಗಳನ್ನು ಎತ್ತಿಕೊಳ್ಳುತ್ತಿದ್ದವರಲ್ಲಿ ಹ್ಯಾರಿ ಸ್ಮಿತ್ ಎಂಬ ಸಣಕಲು ಮೈಯ ತರುಣರೂ ಒಬ್ಬರು. ಹುಟ್ಟಿದ್ದು 1923ರಲ್ಲಿ, ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ. ಬೆಳೆದದ್ದು ಪಕ್ಕದ ವಾಷಿಂಗ್ಟನ್ ರಾಜ್ಯದ ಸಣ್ಣ ಊರುಗಳಲ್ಲಿ. ಹೈಸ್ಕೂಲಿನ ವಯಸ್ಸಿನಲ್ಲೇ ಹತ್ತಿರದ ಲಮ್ಮಿ ಆದಿವಾಸಿಗಳ ಆಚರಣೆಗಳನ್ನು ಧ್ವನಿಮುದ್ರಿಸಿಕೊಂಡಿದ್ದರು. ಮಿಸಿಸಿಪ್ಪಿಯ ಬ್ಲೂಸ್ ಗಾಯಕ ಟಾಮಿ ಮೆಕ್ಲೆನನ್ ಅವರ ಒಂದು ಪ್ಲೇಟು ಹೇಗೋ ದಾರಿ ತಪ್ಪಿ ಅಷ್ಟು ದೂರದ ಉತ್ತರಕ್ಕೆ ಬಂದು ಅವರ ಕೈಸೇರಿತು. ಆ ದನಿ ವಿಚಿತ್ರವೆನ್ನಿಸಿತು, ಅಂಥವೇ ಇನ್ನೂ ಇರಬಹುದೆಂದು ಹುಡುಕಾಟ ಶುರುವಾಯಿತು. ಯುದ್ಧಕಾಲದಲ್ಲಿ ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ರಾತ್ರಿಪಾಳಿ ದುಡಿದು, ಬಂದ ಹಣವನ್ನು ಪ್ಲೇಟುಗಳಿಗೆ ಸುರಿದರು. ಸಂಗ್ರಹ ಸಾವಿರಗಳ ಲೆಕ್ಕಕ್ಕೆ ಬೆಳೆಯಿತು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಸ್ಮಿತ್ ನ್ಯೂಯಾರ್ಕಿನಲ್ಲಿದ್ದರು, ಕೈಯಲ್ಲಿ ಕಾಸಿರಲಿಲ್ಲ. ಪ್ಲೇಟುಗಳನ್ನು ಮಾರಲೆಂದು ಫೋಕ್‌ವೇಸ್ ರೆಕಾರ್ಡ್ಸ್ ಕಂಪನಿಯ ಮೋಸೆಸ್ ಆಶ್ ಅವರ ಬಳಿ ಹೋದರು. ಆಶ್ ಯಿದ್ದಿಷ್ ಕಾದಂಬರಿಕಾರ ಶೋಲೆಮ್ ಆಶ್ ಅವರ ಮಗ, ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿ ಅಮೆರಿಕ ಸೇರಿದವರು. ಜಗತ್ತಿನ ಎಲ್ಲ ಬಗೆಯ ಸದ್ದನ್ನೂ ಕೂಡಿಡಬೇಕೆಂಬ ಹಂಬಲದಿಂದ 1948ರಲ್ಲಿ ಕಂಪನಿ ಕಟ್ಟಿದ್ದರು. ಎದುರು ನಿಂತ ಮನುಷ್ಯನ ತಲೆಯಲ್ಲಿರುವುದು ಆತ ಹೊತ್ತು ತಂದ ಪ್ಲೇಟಿಗಿಂತ ಬೆಲೆಯುಳ್ಳದ್ದು ಎಂಬುದು ಅವರಿಗೆ ಬೇಗ ಗೊತ್ತಾಯಿತು. ಇವುಗಳಿಂದ ಆರಿಸಿ ಒಂದು ಸಂಕಲನ ಮಾಡಿಕೊಡಿ ಎಂದರು. 1952ರಲ್ಲಿ 'ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್' ಹೊರಬಂತು. ಆರು ಎಲ್‌ಪಿ, 84 ಹಾಡು. ಕಥನಗೀತೆ, ಸಮುದಾಯದ ಸಂಗೀತ, ಹಾಡು ಎಂದು ಮೂರು ಭಾಗ. ಹೊದಿಕೆಯ ಮೇಲೆ ಏಕತಾರಿಯಂಥ ಒಂದೇ ತಂತಿಯ ವಾದ್ಯವನ್ನು ಆಕಾಶದಿಂದ ಇಳಿದ ಕೈಯೊಂದು ಶ್ರುತಿಗೂಡಿಸುತ್ತಿರುವ ಚಿತ್ರ. ಅದು 17ನೇ ಶತಮಾನದ ಪುಸ್ತಕವೊಂದರಿಂದ ತೆಗೆದದ್ದು. ಹಾಡುಗಳ ಹಕ್ಕಿದ್ದ ದೊಡ್ಡ ಕಂಪನಿಗಳ ಪರವಾನಗಿಯನ್ನು ಆಶ್ ಪಡೆದಿರಲಿಲ್ಲ. ನೀವು ಮರೆತು ಮೂಲೆಗೆಸೆದದ್ದನ್ನು ಜನರಿಗೆ ಮುಟ್ಟಿಸುವ ಹಕ್ಕು ನನಗಿದೆ ಎಂಬುದು ಅವರ ನಿಲುವು. ಮೊದಮೊದಲು ಇದನ್ನು ಕೊಂಡದ್ದು ಹೆಚ್ಚಾಗಿ ಗ್ರಂಥಾಲಯಗಳು, ಕಾಲೇಜುಗಳು.

ನಾವು ಇಂದು ಕ್ಲಾಸಿಕ್ ರಾಕ್ ಎನ್ನುವ ಸಂಗೀತದ ಬೇರು ಹುಡುಕುತ್ತ ಹೋದರೆ ಎಷ್ಟೋ ದಾರಿಗಳು ಈ ಆರು ಎಲ್‌ಪಿಗಳ ಬಳಿ ಬಂದು ಸೇರುತ್ತವೆ. ಬಾಬ್ ಡಿಲನ್ ಅವರ 1962ರ ಮೊದಲ ಆಲ್ಬಮ್ಮಿನಲ್ಲೇ ಈ ಸಂಕಲನದಲ್ಲಿದ್ದ ಬ್ಲೈಂಡ್ ಲೆಮನ್ ಜೆಫರ್ಸನ್ ಅವರ ಹಾಡಿದೆ. ಗ್ರೇಟ್‌ಫುಲ್ ಡೆಡ್ ರಾಕ್ ತಂಡದ ಜೆರ್ರಿ ಗಾರ್ಸಿಯಾ ಇದನ್ನು ಪಠ್ಯದಂತೆ ಕೇಳಿ ಕಲಿತವರು. ಈ ಪ್ರಭಾವದ ಕಥೆಯನ್ನು ಹಲವರು ಬರೆದಿದ್ದಾರೆ. ನನ್ನ ಮನಸ್ಸು ಹಿಡಿದಿರುವುದು ಇನ್ನೊಂದು ಕಥೆ. ಈ ಹಾಡುಗಳನ್ನು ಕೇಳಿದ ಕೆಲವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಹಾಡಿದವರು ಯಾರು, ಯಾವ ಊರಿನವರು, ಇನ್ನೂ ಇದ್ದಾರೆಯೆ ಎಂದು ಕೇಳುತ್ತ ಹೊರಟರು. ಸಂಗೀತಗಾರರನ್ನು ನೆನೆಯುವುದೆಂದರೆ ಇದು ಎಂದು ನಾನು ತಿಳಿದಿದ್ದೇನೆ.

ಸ್ಮಿತ್ ಆರಿಸಿಕೊಂಡದ್ದು 1927ರಿಂದ 1932ರವರೆಗಿನ ಧ್ವನಿಮುದ್ರಣಗಳನ್ನು. ಅದಕ್ಕೆ ಕಾರಣವಿತ್ತು. ಅದಕ್ಕೆ ಮುಂಚೆ ಹಾಡುಗಾರರು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಂಟಲು ಬಿಚ್ಚಿ ಕೂಗಬೇಕಿತ್ತು. ಮೆದು ದನಿ, ಗಿಟಾರಿನ ತೆಳು ನಾದ ಅದರಲ್ಲಿ ಕೂರುತ್ತಲೇ ಇರಲಿಲ್ಲ. 1925ರಲ್ಲಿ ಮೈಕ್ ಬಂತು. ಯಂತ್ರಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಕಂಪನಿಗಳವರು ದಕ್ಷಿಣದ ಊರುಗಳಿಗೆ ಬಂದರು, ಹೋಟೆಲ್ ಕೋಣೆಗಳಲ್ಲಿ, ಖಾಲಿ ಮಳಿಗೆಗಳಲ್ಲಿ ಕಂಬಳಿ ಕಟ್ಟಿ ಸ್ಟುಡಿಯೊ ಮಾಡಿದರು. 1927ರ ಬೇಸಿಗೆಯಲ್ಲಿ ಟೆನೆಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ವಿಕ್ಟರ್ ಕಂಪನಿಗಾಗಿ ರಾಲ್ಫ್ ಪಿಯರ್ ಕೂತಾಗ ಮುಂದೆ ಕಂಟ್ರಿ ಸಂಗೀತದ ದೊಡ್ಡ ಹೆಸರುಗಳಾದ ಕಾರ್ಟರ್ ಕುಟುಂಬವೂ ಜಿಮ್ಮಿ ರಾಜರ್ಸ್ ಕೂಡ ಒಂದೇ ವಾರದಲ್ಲಿ ಸಿಕ್ಕಿದರು. ಮೇಣದ ಬಿಲ್ಲೆಯ ಮೇಲೆ ಮೂರು ನಿಮಿಷ ಹಾಡಬೇಕು. ದೀಪ ಹೊತ್ತಿದಾಗ ಶುರು, ಆರುವ ಮೊದಲು ಮುಕ್ತಾಯ. ಸಂಭಾವನೆ ಹೆಚ್ಚಿನವರಿಗೆ ಹಾಡಿಗಿಷ್ಟು ಎಂದು ಒಂದೇ ಸಲ. ಆಮೇಲೆ ಎಷ್ಟು ಮಾರಾಟವಾದರೂ ಅವರಿಗೆ ಸಂಬಂಧವಿಲ್ಲ. ಕಪ್ಪು ಜನರ ಹಾಡುಗಳಿಗೆ ಬೇರೆ ಪಟ್ಟಿ, ಬಿಳಿಯ ಹಳ್ಳಿಗರ ಹಾಡುಗಳಿಗೆ ಬೇರೆ ಪಟ್ಟಿ. ಒಂದೇ ಊರಿನಲ್ಲಿ ಒಟ್ಟಿಗೆ ನುಡಿಸುತ್ತಿದ್ದವರ ಪ್ಲೇಟುಗಳೂ ಅಂಗಡಿಯಲ್ಲಿ ಬೇರೆ ಬೇರೆ.

1927ರಲ್ಲಿ ಅಮೆರಿಕದಲ್ಲಿ ಹತ್ತು ಕೋಟಿಗೂ ಮಿಕ್ಕಿ ಪ್ಲೇಟುಗಳು ಮಾರಾಟವಾಗಿದ್ದವು. ಆರ್ಥಿಕ ಕುಸಿತ ಬಡಿದ ಮೇಲೆ, 1932ರಲ್ಲಿ ಆ ಸಂಖ್ಯೆ ಸುಮಾರು 60 ಲಕ್ಷಕ್ಕೆ ಇಳಿಯಿತು. ಯಂತ್ರಗಳು ಪೆಟ್ಟಿಗೆ ಸೇರಿದವು. ಹಾಡಿದವರು ಹೊಲಕ್ಕೆ, ಗಣಿಗೆ, ರೈಲು ರಸ್ತೆಯ ಕೆಲಸಕ್ಕೆ ಮರಳಿದರು.

ಸಂಕಲನದ ಜೊತೆ ಸ್ಮಿತ್ ಬರೆದ ಕೈಪಿಡಿ ನನಗೆ ಹಾಡುಗಳಷ್ಟೇ ಅಮೂಲ್ಯ. ಪ್ರತಿ ಹಾಡಿಗೂ ಕ್ರಮಸಂಖ್ಯೆ, ಹಾಡಿದವರ ಹೆಸರು, ಯಾವ ವಾದ್ಯ, ಯಾವ ಕಂಪನಿ, ಎಂದು ಮುದ್ರಣವಾದದ್ದು ಎಲ್ಲವೂ ಇದೆ. ಕಥೆಯಿರುವ ಹಾಡಾದರೆ ಆ ಕಥೆಯನ್ನು ಪತ್ರಿಕೆಯ ತಲೆಬರಹದಂತೆ ಎರಡು ಸಾಲಿನಲ್ಲಿ ಹೇಳಿದ್ದಾರೆ. ಕಪ್ಪೆಗೂ ಇಲಿಗೂ ಮದುವೆಯಾಗುವ ಮಕ್ಕಳ ಹಾಡನ್ನೂ ಮದುವೆ ವರದಿಯ ಗಾಂಭೀರ್ಯದಲ್ಲೇ ಬರೆದಿದ್ದಾರೆ. ಹಾಡಿದವರು ಕಪ್ಪೋ ಬಿಳಿಯೋ ಎಂಬ ಒಂದು ವಿಷಯವನ್ನು ಮಾತ್ರ ಎಲ್ಲೂ ಹೇಳಿಲ್ಲ. ಬಸ್ಸಿನ ಸೀಟು, ಶಾಲೆಯ ಬೆಂಚು, ಕುಡಿಯುವ ನೀರಿನ ನಲ್ಲಿ ಎಲ್ಲವೂ ಬಣ್ಣದ ಮೇಲೆ ಹಂಚಿಹೋಗಿದ್ದ 1952ರ ಅಮೆರಿಕದಲ್ಲಿ ಇದನ್ನು ಬೇಕೆಂದೇ ಮಾಡಿದರು. ಮಿಸಿಸಿಪ್ಪಿ ಜಾನ್ ಹರ್ಟ್ ಬಿಳಿಯರಲ್ಲ ಎಂದು ತಿಳಿಯಲು ಕೇಳುಗರಿಗೆ ವರ್ಷಗಳೇ ಹಿಡಿದವು ಎಂದು ಸ್ಮಿತ್ ಮುಂದೆ ಸಂತೋಷದಿಂದ ಹೇಳಿಕೊಂಡರು.

ಆ ಹರ್ಟ್ ಅವರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಮಿಸಿಸಿಪ್ಪಿ ರಾಜ್ಯದ ಅವಲಾನ್ ಎಂಬ ಪುಟ್ಟ ಹಳ್ಳಿ. ಬೆಟ್ಟದ ಸಾಲು ಇಳಿದು ಹತ್ತಿಯ ಬಯಲು ಶುರುವಾಗುವ ಜಾಗ. ಜಾನ್ ಹರ್ಟ್ ಅಲ್ಲಿ ಗೇಣಿ ಬೇಸಾಯ ಮಾಡುತ್ತ, ಸಂಜೆ ಹೊತ್ತು ಗಿಟಾರ್ ನುಡಿಸುತ್ತ ಇದ್ದವರು. ಯಾರಲ್ಲೂ ಕಲಿತವರಲ್ಲ. ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ತಪ್ಪದ ಲಯ ಹಿಡಿದಿರುತ್ತದೆ, ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ಹಾಡಿನ ಧಾಟಿಯನ್ನೇ ಹೆಣೆಯುತ್ತವೆ. ಕೇಳಿದರೆ ಇಬ್ಬರು ಕೂತು ನುಡಿಸಿದಂತಿರುತ್ತದೆ. ದನಿಯಂತೂ ತೀರ ಮೆದು, ಪಕ್ಕದಲ್ಲಿ ಕೂತವರೊಂದಿಗೆ ಮಾತಾಡುವಷ್ಟೇ ಎತ್ತರ. ಅದೇ ಊರಿನ ವಿಲ್ಲಿ ನಾರ್ಮೋರ್ ಎಂಬ ಬಿಳಿಯ ಪಿಟೀಲುಗಾರರು ಸ್ಪರ್ಧೆಯೊಂದರಲ್ಲಿ ಗೆದ್ದು ಓಕೇ ಕಂಪನಿಗೆ ನುಡಿಸುವ ಅವಕಾಶ ಪಡೆದಿದ್ದರು. ನಿಮ್ಮ ಕಡೆ ಇನ್ಯಾರಿದ್ದಾರೆ ಎಂದು ಕಂಪನಿಯ ಟಾಮಿ ರಾಕ್‌ವೆಲ್ ಕೇಳಿದಾಗ ನಾರ್ಮೋರ್ ಹೇಳಿದ್ದು ಹರ್ಟ್ ಅವರ ಹೆಸರನ್ನು.

1928ರ ಫೆಬ್ರುವರಿಯಲ್ಲಿ ಮೆಂಫಿಸ್ ನಗರದಲ್ಲಿ ಮುದ್ರಣ. ದೊಡ್ಡದೊಂದು ಹಜಾರ, ಒಳಗೆ ಇದ್ದವರು ಮೂರೇ ಜನ. ಮೈಕನ್ನು ಬಾಯಿಯ ಹತ್ತಿರಕ್ಕೆ ತಂದು, ತಲೆ ಅಲ್ಲಾಡಿಸಬೇಡ ಎಂದರಂತೆ. ಹೆದರಿಕೆಯಲ್ಲಿ ಸೆಟೆದು ಕೂತು ಹಾಡಿ ದಿನಗಟ್ಟಲೆ ಕತ್ತು ನೋಯುತ್ತಿತ್ತು ಎಂದು ಹರ್ಟ್ ಮುಂದೆ ನೆನೆಸಿಕೊಂಡಿದ್ದಾರೆ. ಅದೇ ಡಿಸೆಂಬರಿನಲ್ಲಿ ಕಂಪನಿ ಅವರನ್ನು ನ್ಯೂಯಾರ್ಕಿಗೆ ಕರೆಸಿತು. ಕ್ರಿಸ್ಮಸ್ ಹತ್ತಿರ ಬರುತ್ತಿತ್ತು, ಆ ಮಹಾನಗರದಲ್ಲಿ ಅವರಿಗೆ ಊರಿನ ನೆನಪು ಬಲವಾಗಿ ಬಂತು. ಅಲ್ಲಿ ಮುದ್ರಿಸಿದ ಹಾಡುಗಳಲ್ಲಿ ಒಂದು 'ಅವಲಾನ್ ಬ್ಲೂಸ್'. ನನ್ನ ಊರು ಅವಲಾನ್, ಅದರದೇ ಧ್ಯಾನ ಎಂಬ ಅರ್ಥದ ಹಾಡು. ಪ್ಲೇಟುಗಳು ಅಷ್ಟಕ್ಕಷ್ಟೇ ಮಾರಾಟವಾದವು. ಹರ್ಟ್ ಊರಿಗೆ ಬಂದು ಮತ್ತೆ ನೇಗಿಲು ಹಿಡಿದರು. ಮುಂದಿನ 35 ವರ್ಷ ಹೊರಗಿನ ಜಗತ್ತಿಗೆ ಅವರು ಇರಲೇ ಇಲ್ಲ.

ಸ್ಮಿತ್ ಸಂಕಲನದಲ್ಲಿ ಹರ್ಟ್ ಅವರ ಎರಡು ಹಾಡುಗಳಿದ್ದವು. ಅವುಗಳಲ್ಲಿ ಒಂದಾದ 'ಫ್ರಾಂಕಿ' ಎಲ್ಲರ ಕಿವಿ ಹಿಡಿಯಿತು. ಮೋಸ ಮಾಡಿದ ಪ್ರಿಯಕರನನ್ನು ಗುಂಡಿಟ್ಟು ಕೊಂದ ಹೆಂಗಸಿನ ಕಥೆ ಅದು, ನಿಜವಾಗಿ ನಡೆದದ್ದು. 1899ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಫ್ರಾಂಕಿ ಬೇಕರ್ ಎಂಬ ಕಪ್ಪು ಯುವತಿ ಆತ್ಮರಕ್ಷಣೆಗಾಗಿ ಗುಂಡು ಹಾರಿಸಿದಳೆಂದು ಒಪ್ಪಿ ನ್ಯಾಯಾಲಯ ಆಕೆಯನ್ನು ಬಿಟ್ಟಿತು. ಹಾಡು ಮಾತ್ರ ಬಿಡಲಿಲ್ಲ. ಆಕೆ ಊರು ಬಿಟ್ಟು ಒಮಾಹಾಕ್ಕೆ ಹೋದಳು, ಅಲ್ಲೂ ಹಾಡು ಬಂತು. ಇನ್ನೂ ದೂರದ ಪೋರ್ಟ್‌ಲೆಂಡಿಗೆ ಹೋದಳು, ಅಲ್ಲಿಗೂ ಬಂತು. ತನ್ನ ಬದುಕನ್ನು ಕಥೆಮಾಡಿಕೊಂಡ ಸಿನಿಮಾ ಕಂಪನಿಯ ಮೇಲೆ ದಾವೆ ಹೂಡಿ ಸೋತಳು. ಸ್ಮಿತ್ ಸಂಕಲನ ಹೊರಬಂದ 1952ರಲ್ಲೇ, ಸ್ಮಿತ್ ಹುಟ್ಟಿದ ಆರೆಗಾನ್ ರಾಜ್ಯದಲ್ಲೇ ಆಕೆ ತೀರಿಕೊಂಡಳು. ಹಾಡುಗಳನ್ನು ಉಳಿಸುವ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೂ 'ಫ್ರಾಂಕಿ'ಯನ್ನು ಕೇಳುವಾಗಲೆಲ್ಲ, ಹಾಡಿನಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟ ಆ ಹೆಂಗಸನ್ನು ಹಾಡು ಬಿಡಲೇ ಇಲ್ಲವಲ್ಲ ಎಂಬ ನೋವು ಜೊತೆಗೇ ಬರುತ್ತದೆ.

1963ಕ್ಕೆ ಬರೋಣ. ವಾಷಿಂಗ್ಟನ್ ನಗರದ ಹಳೆಯ ಪ್ಲೇಟುಗಳ ಸಂಗ್ರಾಹಕರ ಬಳಗಕ್ಕೆ 'ಅವಲಾನ್ ಬ್ಲೂಸ್'ನ ಟೇಪ್ ಪ್ರತಿ ಸಿಕ್ಕಿತು. ಅದು ಬಂದದ್ದು ಆಸ್ಟ್ರೇಲಿಯಾದ ಸಂಗ್ರಾಹಕರೊಬ್ಬರಿಂದ. ಬಳಗದ ಟಾಮ್ ಹಾಸ್ಕಿನ್ಸ್ ಹಾಡನ್ನು ಮತ್ತೆ ಮತ್ತೆ ಕೇಳಿದರು. ಹಾಡುಗಾರರೇ ತಮ್ಮ ವಿಳಾಸ ಹೇಳುತ್ತಿದ್ದಾರೆ! ಅಂದಿನ ನಕ್ಷೆಗಳಲ್ಲಿ ಅವಲಾನ್ ಇರಲಿಲ್ಲ. 1878ರ ಅಟ್ಲಾಸ್ ತಿರುವಿದಾಗ ಗ್ರೀನ್‌ವುಡ್ ಮತ್ತು ಗ್ರೆನಾಡಾ ಪಟ್ಟಣಗಳ ನಡುವೆ ಆ ಹೆಸರು ಕಂಡಿತು. ಹಾಸ್ಕಿನ್ಸ್ ಕಾರು ಹತ್ತಿ ಹೊರಟರು. ಅವಲಾನ್‌ನ ಅಂಗಡಿಯ ಮುಂದೆ ಕೂತವರನ್ನು, ಜಾನ್ ಹರ್ಟ್ ಎಂಬವರನ್ನು ಬಲ್ಲಿರಾ ಎಂದು ವಿಚಾರಿಸಿದರು. ಈ ರಸ್ತೆಯಲ್ಲಿ ಮುಂದೆ ಹೋಗಿ, ಗುಡ್ಡ ಹತ್ತುವಾಗ ಮೂರನೇ ಅಂಚೆಪೆಟ್ಟಿಗೆ ಎಂದು ಕೈತೋರಿಸಿದರು. ಊರಿನವರಿಗೆ ಅವರು ಎಂದೂ ಕಳೆದುಹೋಗಿರಲೇ ಇಲ್ಲ.

ಹರ್ಟ್‌ಗೆ ಆಗ ಎಪ್ಪತ್ತರ ಆಸುಪಾಸು. ದನ ಮೇಯಿಸುವುದು, ಹೊಲದ ಕೂಲಿ ಅವರ ಜೀವನ. ಪ್ಲೇಟಿನ ವಿಷಯ ಕೇಳುತ್ತ ಬಂದ ಅಪರಿಚಿತ ಬಿಳಿಯನನ್ನು ಕಂಡು, ಸರ್ಕಾರದ ಪತ್ತೇದಾರಿ ಪೊಲೀಸನಿರಬೇಕೆಂದು ಅಂಜಿದರಂತೆ. 1963ರ ಮಿಸಿಸಿಪ್ಪಿಯಲ್ಲಿ ಆ ಅಂಜಿಕೆಗೆ ಪೂರ್ತಿ ಅರ್ಥವಿತ್ತು. ಮನೆಯಲ್ಲಿ ಗಿಟಾರ್ ಇರಲಿಲ್ಲ. ಹಾಸ್ಕಿನ್ಸ್ ತಮ್ಮದನ್ನೇ ಕೊಟ್ಟರು. ಬೆರಳು ತುಸು ತಡವರಿಸಿದವು, ಆದರೆ ಅದೇ ಹೆಬ್ಬೆರಳು, ಅದೇ ಲಯ, ಅದೇ ದನಿ. ಆ ಜುಲೈ ತಿಂಗಳಲ್ಲೇ ಲೈಬ್ರರಿ ಆಫ್ ಕಾಂಗ್ರೆಸ್ ಅವರ ಹಾಡುಗಳನ್ನು ಮುದ್ರಿಸಿಕೊಂಡಿತು. ಡಿಲನ್, ಜೋನ್ ಬಯಜ್ ಹಾಡಿದ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಅವರೂ ಹಾಡಿದರು. ಸಾವಿರಾರು ತರುಣರು ಉಸಿರು ಬಿಗಿಹಿಡಿದು ಆ ಮೆಲುದನಿ ಕೇಳಿದರು. 'ಲವಿಂಗ್ ಸ್ಪೂನ್‌ಫುಲ್' ಎಂಬ ಪ್ರಸಿದ್ಧ ರಾಕ್ ತಂಡ ಹೆಸರಿಟ್ಟುಕೊಂಡದ್ದು ಹರ್ಟ್ ಅವರ 'ಕಾಫಿ ಬ್ಲೂಸ್' ಹಾಡಿನ ಒಂದು ಮಾತಿನಿಂದ. ಮೂರು ವರ್ಷ ಕಛೇರಿಗಳು, ಹೊಸ ಆಲ್ಬಮ್ಮುಗಳು, ಟಿವಿ ಕಾರ್ಯಕ್ರಮ. 1966ರ ನವೆಂಬರ್ 2ರಂದು ಗ್ರೆನಾಡಾದಲ್ಲಿ ಹೃದಯಾಘಾತದಿಂದ ತೀರಿಕೊಂಡರು.

ಹರ್ಟ್ ಒಬ್ಬರೇ ಅಲ್ಲ. ವರ್ಜೀನಿಯಾದ ನಾರ್ಟನ್ ಪಟ್ಟಣದ ಡಾಕ್ ಬಾಗ್ಸ್ ಕಲ್ಲಿದ್ದಲು ಗಣಿಯ ಕಾರ್ಮಿಕ. 1927ರಲ್ಲಿ ಬ್ಯಾಂಜೊ ಹಿಡಿದು ಬ್ರನ್ಸ್‌ವಿಕ್ ಕಂಪನಿಗೆ ಎಂಟು ಹಾಡು ಹಾಡಿದ್ದರು. ಎಲುಬು ಕೊರೆಯುವಂಥ ದನಿ. ಧರ್ಮಭೀರು ಹೆಂಡತಿಗೆ ಆ ಹಾಡುಗಳು ಸೇರುತ್ತಿರಲಿಲ್ಲ, ಕಷ್ಟ ಬಂದಾಗ ಬ್ಯಾಂಜೊ ಅಡವು ಹೋಯಿತು, ಮುಂದಿನ ದುಡಿಮೆಯ ವರ್ಷಗಳೆಲ್ಲ ಗಣಿಯಲ್ಲಿ ಕಳೆದವು. 1963ರ ಜೂನ್‌ನಲ್ಲಿ ಮೈಕ್ ಸೀಗರ್ (ಹೆಸರಾಂತ ಜಾನಪದ ಗಾಯಕ ಪೀಟ್ ಸೀಗರ್ ಅವರ ಮಲತಮ್ಮ) ಹುಡುಕಿಕೊಂಡು ಬಂದಾಗ ಬಾಗ್ಸ್ ನಿವೃತ್ತರಾಗಿ, ಬ್ಯಾಂಜೊ ಮತ್ತೆ ಕೈಗೆತ್ತಿಕೊಂಡಿದ್ದರು. ಕೆಲವೇ ವಾರಗಳಲ್ಲಿ ಅವರೂ ನ್ಯೂಪೋರ್ಟ್ ವೇದಿಕೆಯಲ್ಲಿದ್ದರು. ಕ್ಲಾರೆನ್ಸ್ ಆಶ್ಲಿ ಎಂಬ ಬ್ಯಾಂಜೊ ವಾದಕರನ್ನು 1960ರಲ್ಲಿ ರಾಲ್ಫ್ ರಿನ್‌ಜ್ಲರ್ ಉತ್ತರ ಕೆರೊಲಿನಾದ ಪಿಟೀಲು ಮೇಳವೊಂದರಲ್ಲಿ ಕಂಡರು. ಊರಕಡೆ ಅವರು ಟಾಮ್ ಎಂದೇ ಪರಿಚಿತರು, ಪ್ಲೇಟಿನ ಮೇಲಿನ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಆಶ್ಲಿಯವರ ಹಾಡು ಮುದ್ರಿಸಲು ಹೋದಾಗ ಅವರ ಜೊತೆಗೆ ನುಡಿಸಲು ಬಂದವರೊಬ್ಬರು ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು, ಕುಣಿತದ ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿ ಸಂಸಾರ ತೂಗಿಸುತ್ತಿದ್ದವರು. ಅವರು ಡಾಕ್ ವ್ಯಾಟ್ಸನ್. ಅಮೆರಿಕದ ಜಾನಪದ ಗಿಟಾರಿಗೆ ಅವರಷ್ಟು ದೊಡ್ಡ ಹೆಸರು ಮತ್ತೆ ಬರಲಿಲ್ಲ. ಒಬ್ಬರನ್ನು ಹುಡುಕಿ ಹೋದವರಿಗೆ ಇನ್ನೊಬ್ಬರು ದಕ್ಕಿದ್ದರು.

1964ರ ಜೂನ್ ತಿಂಗಳು ಈ ಹುಡುಕಾಟದ ಶಿಖರ. ಗಿಟಾರ್ ವಾದಕ ಜಾನ್ ಫೇಹಿ ಮತ್ತು ಇಬ್ಬರು ಗೆಳೆಯರು ಮಿಸಿಸಿಪ್ಪಿಯ ಟುನಿಕಾ ಆಸ್ಪತ್ರೆಯ ಹಾಸಿಗೆಯೊಂದರಲ್ಲಿ ಸ್ಕಿಪ್ ಜೇಮ್ಸ್ ಅವರನ್ನು ಕಂಡರು. 1931ರಲ್ಲಿ ಪ್ಯಾರಾಮೌಂಟ್ ಕಂಪನಿಗೆ ಹಾಡಿ ಮರೆಯಾಗಿದ್ದವರು. ಅದೇ ತಿಂಗಳ 21ರಂದು ಬೇರೆ ಮೂವರು ತರುಣರು ಸನ್ ಹೌಸ್ ಅವರನ್ನು ಪತ್ತೆಹಚ್ಚಿದರು. ಮಿಸಿಸಿಪ್ಪಿಯೆಲ್ಲ ಅಲೆದಾಡಿದ ಮೇಲೆ ಅವರಿರುವುದು ದೂರದ ಉತ್ತರದಲ್ಲಿ, ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಎಂದು ತಿಳಿದಿತ್ತು. ಅದೇ ರಾತ್ರಿ, ಮಿಸಿಸಿಪ್ಪಿಯ ಫಿಲಡೆಲ್ಫಿಯಾ ಎಂಬ ಊರಿನ ಬಳಿ, ಕಪ್ಪು ಜನರ ಮತದಾನದ ಹಕ್ಕಿಗಾಗಿ ದುಡಿಯುತ್ತಿದ್ದ ಮೂವರು ತರುಣರನ್ನು ಬಿಳಿಯ ಜನಾಂಗವಾದಿ ಗುಂಪಾದ ಕೂ ಕ್ಲಕ್ಸ್ ಕ್ಲಾನ್‌ನವರು ಕೊಂದು ಮಣ್ಣಿನಲ್ಲಿ ಹೂತರು. ಈ ಎರಡನ್ನೂ ಒಟ್ಟಿಗೆ ನೆನೆಯದೆ ಆ ಬೇಸಿಗೆಯ ಬಗ್ಗೆ ಬರೆಯುವುದು ನನಗೆ ಸರಿಕಾಣದು. ಹೊರಗಿನ ನಂಬರ್ ಪ್ಲೇಟಿನ ಕಾರುಗಳನ್ನು ಅನುಮಾನದಿಂದ ನೋಡುತ್ತಿದ್ದ ಅದೇ ರಸ್ತೆಗಳಲ್ಲಿ ಹಾಡು ಹುಡುಕುವವರೂ ಓಡಾಡಿದ್ದರು.

ಸನ್ ಹೌಸ್ ಗಿಟಾರ್ ಮುಟ್ಟಿ ವರ್ಷಗಳಾಗಿದ್ದವು, ತಮ್ಮ ಹಾಡುಗಳೇ ಮರೆತಿದ್ದವು. ಆಲನ್ ವಿಲ್ಸನ್ ಎಂಬ ಇಪ್ಪತ್ತರ ಹುಡುಗ ಎದುರು ಕೂತು, ನೀವು 1930ರಲ್ಲಿ ಹೀಗೆ ನುಡಿಸಿದ್ದಿರಿ, 1942ರಲ್ಲಿ ಹೀಗೆ ಎಂದು ಅವರ ಹಾಡುಗಳನ್ನು ಅವರಿಗೇ ನುಡಿಸಿ ತೋರಿಸಿದರು. ಮುದುಕರ ಬೆರಳು ನಿಧಾನವಾಗಿ ನೆನಪು ಮಾಡಿಕೊಂಡವು. ಶಿಷ್ಯನಿಂದ ಗುರು ತನ್ನ ವಿದ್ಯೆಯನ್ನು ಮರಳಿ ಪಡೆದ ಈ ಪ್ರಸಂಗಕ್ಕಿಂತ ದೊಡ್ಡ ಗುರುದಕ್ಷಿಣೆ ಸಂಗೀತದ ಚರಿತ್ರೆಯಲ್ಲಿ ಉಂಟೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. 1965ರಲ್ಲಿ ಕೊಲಂಬಿಯಾ ಕಂಪನಿಗೆ ಸನ್ ಹೌಸ್ ಹಾಡಿದ ಆಲ್ಬಮ್ ಇಂದಿಗೂ ಬ್ಲೂಸ್ ಕೇಳುವವರ ಕಪಾಟಿನಲ್ಲಿ ಮುಂದಿನ ಸಾಲಿನಲ್ಲಿರುತ್ತದೆ.

ಈ ಆಲನ್ ವಿಲ್ಸನ್ ಮುಂದೆ 'ಕ್ಯಾನ್ಡ್ ಹೀಟ್' ರಾಕ್ ತಂಡ ಕಟ್ಟಿದರು. 1968ರ ಅವರ 'ಗೋಯಿಂಗ್ ಅಪ್ ದ ಕಂಟ್ರಿ' ಹಾಡನ್ನು ಕೇಳಿ. ಶುರುವಿನಲ್ಲೇ ಕೊಳಲು ಒಂದು ಉಲ್ಲಾಸದ ಧಾಟಿ ಹಿಡಿಯುತ್ತದೆ. ಆ ಧಾಟಿ ಟೆಕ್ಸಸ್‌ನ ಹೆನ್ರಿ ಥಾಮಸ್ ಅವರದು. ಗಿಟಾರ್ ಮೀಟುತ್ತ, ಸಾಲಾಗಿ ಕಟ್ಟಿದ ಜೊಂಡಿನ ಕೊಳವೆಗಳನ್ನು ಊದುತ್ತ ಅಲೆಮಾರಿಯಾಗಿ ತಿರುಗಿದ ಅವರು 1928ರಲ್ಲಿ 'ಬುಲ್ ಡೋಜ್ ಬ್ಲೂಸ್' ಹಾಡಿದ್ದರು. ಸ್ಮಿತ್ ಸಂಕಲನದಲ್ಲೂ ಅವರ ಎರಡು ಹಾಡುಗಳಿವೆ. ಕ್ಯಾನ್ಡ್ ಹೀಟ್ ಪ್ಲೇಟಿನ ಮೇಲೆ ಹಾಡಿನ ಕರ್ತೃ ಎಂದು ಅಚ್ಚಾದದ್ದು ವಿಲ್ಸನ್ ಹೆಸರು. ಗುರುವಿಗೆ ನೆನಪು ಮರಳಿಸಿದ ಅದೇ ಕೈಯಿಂದ ಇದೂ ಆಯಿತು. ರೋಲಿಂಗ್ ಸ್ಟೋನ್ಸ್ 1968ರಲ್ಲಿ ಹಾಡಿದ 'ಪ್ರಾಡಿಗಲ್ ಸನ್' ಮೆಂಫಿಸ್‌ನ ರೆವರೆಂಡ್ ರಾಬರ್ಟ್ ವಿಲ್ಕಿನ್ಸ್ ಅವರ ರಚನೆ. ಮೊದಲ ಮುದ್ರಣಗಳಲ್ಲಿ ಅವರ ಹೆಸರೇ ಇರಲಿಲ್ಲ. ಲೆಡ್ ಜೆಪ್ಲಿನ್ ತಂಡದ 'ವೆನ್ ದ ಲೆವೀ ಬ್ರೇಕ್ಸ್' ಮೂಲದಲ್ಲಿ 1927ರ ಮಿಸಿಸಿಪ್ಪಿ ಮಹಾಪೂರದ ನೆನಪಲ್ಲಿ ಮೆಂಫಿಸ್ ಮಿನ್ನಿ ಮತ್ತು ಕಾನ್ಸಸ್ ಜೋ ಮೆಕಾಯ್ 1929ರಲ್ಲಿ ಹಾಡಿದ್ದು; ಅಲ್ಲಿ ಮಿನ್ನಿಯವರ ಹೆಸರಾದರೂ ಉಳಿಯಿತು. ಕ್ರೀಮ್ ತಂಡ 1966ರಲ್ಲಿ ಸ್ಕಿಪ್ ಜೇಮ್ಸ್ ಅವರ 'ಐಯಾಮ್ ಸೋ ಗ್ಲ್ಯಾಡ್' ಹಾಡಿದಾಗ ಅವರ ಹೆಸರನ್ನೇ ಹಾಕಿತು, ಬಂದ ರಾಯಲ್ಟಿ ಅವರ ಕ್ಯಾನ್ಸರ್ ಚಿಕಿತ್ಸೆಗೆ ನೆರವಾಯಿತು. ಒಂದು ಸಾಲಿನ ಹೆಸರು ಅಚ್ಚಾಗುವುದಕ್ಕೂ ಅಚ್ಚಾಗದಿರುವುದಕ್ಕೂ ಇರುವ ಅಂತರ ಆಸ್ಪತ್ರೆಯ ಬಿಲ್ಲಿನಷ್ಟು ವಾಸ್ತವವಾದದ್ದು. ಹಾಡಿನ ಮೂಲ ಹೇಳುವುದು ಉದಾರತೆ ಎಂದು ಕೆಲವರು ಮಾತಾಡುವುದುಂಟು. ಅದು ಸಾಲ ತೀರಿಸುವುದು, ಅಷ್ಟೇ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಸ್ಕಿಪ್ ಜೇಮ್ಸ್, ಸನ್ ಹೌಸ್ ಹಾಡಿದ ಪ್ಯಾರಾಮೌಂಟ್ ಕಂಪನಿ ವಿಸ್ಕಾನ್ಸಿನ್‌ನ ಕುರ್ಚಿ ಕಾರ್ಖಾನೆಯೊಂದರ ಅಂಗಸಂಸ್ಥೆ. ಗ್ರಾಮಫೋನಿನ ಮರದ ಪೆಟ್ಟಿಗೆ ಮಾಡುತ್ತಿದ್ದವರು ಪ್ಲೇಟು ವ್ಯಾಪಾರಕ್ಕೂ ಇಳಿದರು. ಅಗ್ಗದ ಸಾಮಗ್ರಿ, ಕರಕರ ಸದ್ದು. ವ್ಯಾಪಾರ ಮುಚ್ಚಿದ ಮೇಲೆ ಮೂಲ ಲೋಹದ ಅಚ್ಚುಗಳು ಗುಜರಿಗೆ ಹೋದವು. ಹಾಗಾಗಿ ಆ ಹಾಡುಗಳು ಇಂದು ಉಳಿದಿದ್ದರೆ ಅದಕ್ಕೆ ಕಂಪನಿ ಕಾರಣವಲ್ಲ. ದಕ್ಷಿಣದ ಬಡ ಕಪ್ಪು ಕುಟುಂಬಗಳು ಕೂಲಿಯ ಹಣದಲ್ಲಿ ಪ್ಲೇಟು ಕೊಂಡು, ಸವೆಯುವವರೆಗೆ ಕೇಳಿ, ಎಸೆಯದೆ ಇಟ್ಟುಕೊಂಡವು. 60ರ ದಶಕದಲ್ಲಿ ಸಂಗ್ರಾಹಕರು ಮನೆಮನೆ ಬಾಗಿಲು ತಟ್ಟಿ, ಹಳೆಯ ಪ್ಲೇಟು ಇದೆಯೇ ಎಂದು ಕೇಳಿದಾಗ ಆ ಮನೆಗಳ ಅಜ್ಜಿಯರು ಒಳಗಿನಿಂದ ತಂದುಕೊಟ್ಟರು. ಈ ಸಂಗೀತದ ಚರಿತ್ರೆ ಬರೆಯುವವರು ಸಂಗ್ರಾಹಕರ ಹೆಸರು ಬರೆಯುತ್ತಾರೆ. ಕೊಂಡು ಕಾಪಾಡಿದ ಆ ಮನೆ ಹೆಂಗಸರಿಗೂ ಒಂದು ಪುಟ ಮೀಸಲಿಡಬೇಕು.

ಎಲ್ಲರನ್ನೂ ಹುಡುಕಿ ಹೋಗುವವರು ಬರಲಿಲ್ಲ, ಕೆಲವರ ಬಳಿಗೆ ಹೋಗುವಷ್ಟರಲ್ಲಿ ಕಾಲ ಮೀರಿತ್ತು. ಬ್ಲೈಂಡ್ ಲೆಮನ್ ಜೆಫರ್ಸನ್ 1929ರ ಚಳಿಗಾಲದಲ್ಲಿ ಶಿಕಾಗೊದಲ್ಲಿ ಸತ್ತರು. ತನ್ನ ಗೋರಿಯನ್ನು ಚೊಕ್ಕಟವಾಗಿಡಿ ಎಂದು ಹಾಡಿದ್ದ ಅವರ ಸಮಾಧಿಗೆ ಟೆಕ್ಸಸ್‌ನ ವರ್ಥಾಮ್‌ನಲ್ಲಿ 1967ರವರೆಗೂ ಒಂದು ಗುರುತುಫಲಕ ಇರಲಿಲ್ಲ. ಅದೇ ಟೆಕ್ಸಸ್‌ನ ಇನ್ನೊಬ್ಬ ಅಂಧ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್, ಬೀದಿಯಲ್ಲಿ ನಿಂತು ಭಕ್ತಿಗೀತೆ ಹಾಡುತ್ತಿದ್ದವರು. 1945ರಲ್ಲಿ ಬೋಮಾಂಟ್ ಪಟ್ಟಣದಲ್ಲಿ ಜ್ವರದಿಂದ ತೀರಿಕೊಂಡಾಗ ಪತ್ರಿಕೆಗಳಿಗೆ ಅದು ಸುದ್ದಿಯಾಗಿರಲಿಲ್ಲ. 1927ರ ಡಿಸೆಂಬರಿನಲ್ಲಿ ಡಲ್ಲಾಸ್‌ನಲ್ಲಿ ಅವರು ಮುದ್ರಿಸಿದ 'ಡಾರ್ಕ್ ವಾಸ್ ದ ನೈಟ್' ಎಂಬುದರಲ್ಲಿ ಮಾತೇ ಇಲ್ಲ. ಗಿಟಾರಿನ ತಂತಿಯ ಮೇಲೆ ಜಾರುವ ನಾದ, ಅದರ ಜೊತೆ ಗುನುಗು, ನರಳಿಕೆ. 1977ರಲ್ಲಿ ನಾಸಾ ವೊಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ತಟ್ಟೆಯಿಟ್ಟು ಭೂಮಿಯ ಸಂಗೀತವನ್ನು ಆಕಾಶಕ್ಕೆ ಕಳಿಸಿತಲ್ಲ, ಅದರಲ್ಲಿ ಈ ಹಾಡಿದೆ. ರಾಕ್ ಅಂಡ್ ರೋಲ್‌ನ ಚಕ್ ಬೆರ್ರಿ ಇದ್ದಾರೆ. ನಮ್ಮ ಕಡೆಯಿಂದ ಹೋದದ್ದು ಕೇಸರ್ಬಾಯಿ ಕೇರ್ಕರ್ ಅವರ ಭೈರವಿ, 'ಜಾತ್ ಕಹಾಂ ಹೋ'. ಕೇಸರ್ಬಾಯಿ ಅಲ್ಲಾದಿಯಾ ಖಾನರ ಶಿಷ್ಯೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು ಅದೇ ಖಾನ್ ಸಾಹೇಬರ ಮಕ್ಕಳಾದ ಮಂಜಿಖಾನ್, ಬುರ್ಜಿಖಾನರ ಬಳಿ. ವೊಯೇಜರ್ 1 ನೌಕೆ 2012ರಲ್ಲಿ ಸೂರ್ಯನ ಪ್ರಭಾವಲಯ ದಾಟಿತು. ಟೆಕ್ಸಸ್‌ನ ಬೀದಿ ಹಾಡುಗಾರರೂ ಗೋವೆಯ ಮಹಾಗಾಯಕಿಯೂ ಒಂದೇ ತಟ್ಟೆಯಲ್ಲಿ ಪಯಣಿಸುತ್ತಿದ್ದಾರೆ.

ಸ್ಮಿತ್‌ಗೆ 1991ರಲ್ಲಿ ಗ್ರ್ಯಾಮಿ ಸಂಸ್ಥೆ ವಿಶೇಷ ಪ್ರಶಸ್ತಿ ಕೊಟ್ಟಿತು. ಸಂಗೀತ ಅಮೆರಿಕವನ್ನು ಬದಲಿಸಿದ್ದನ್ನು ಕಣ್ಣಾರೆ ಕಂಡೆ, ಕನಸು ನನಸಾಯಿತು ಎಂಬರ್ಥದಲ್ಲಿ ಮಾತಾಡಿ, ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ಆಶ್ 1986ರಲ್ಲೇ ಹೋಗಿದ್ದರು. ಅವರ ಎರಡು ಸಾವಿರಕ್ಕೂ ಹೆಚ್ಚು ಆಲ್ಬಮ್ಮುಗಳನ್ನು ಸ್ಮಿತ್ಸೋನಿಯನ್ ಸಂಸ್ಥೆ ವಹಿಸಿಕೊಂಡದ್ದು, ಮಾರಾಟ ಆಗಲಿ ಬಿಡಲಿ ಒಂದನ್ನೂ ಚಲಾವಣೆಯಿಂದ ತೆಗೆಯಬಾರದು ಎಂಬ ಷರತ್ತಿನ ಮೇಲೆ. ಇಷ್ಟು ಒಳ್ಳೆಯ ಷರತ್ತನ್ನು ಸಂಗೀತದ ವ್ಯವಹಾರದಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಸಂಕಲನ 1997ರಲ್ಲಿ ಪರವಾನಗಿಗಳ ಸಮೇತ ಸಿಡಿಯಾಗಿ ಮರುಮುದ್ರಣವಾಯಿತು.

ನಿಮ್ಮ ಅಟ್ಟದಲ್ಲೋ ಟ್ರಂಕಿನಲ್ಲೋ ಹಳೆಯ ಪ್ಲೇಟುಗಳಿರಬಹುದು. ತತ್ವಪದದ, ಗೀಗೀ ಪದದ, ಯಕ್ಷಗಾನದ ಕ್ಯಾಸೆಟ್‌ಗಳಂತೂ ಇದ್ದೇ ಇರುತ್ತವೆ. ದಯವಿಟ್ಟು ಎಸೆಯಬೇಡಿ. ಅರಗಿನ ಪ್ಲೇಟುಗಳನ್ನು ಒಂದರ ಮೇಲೊಂದು ಹೇರಬೇಡಿ, ಅಂಚು ಹಿಡಿದು ಎತ್ತಿ, ನಿಲ್ಲಿಸಿಡಿ. ಎಲ್‌ಪಿ ಮುಳ್ಳಿನಲ್ಲಿ 78ರ ಪ್ಲೇಟು ಹಾಕಬೇಡಿ, ಅದರ ಗೀರು ಅಗಲ, ಅದಕ್ಕೆ ಬೇರೆಯದೇ ಮುಳ್ಳು ಬೇಕು. ಕ್ಯಾಸೆಟ್ ಇನ್ನೂ ಓಡುತ್ತಿದ್ದರೆ ಈ ವರ್ಷವೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಹಾಡಿದವರ ಹೆಸರು, ಊರು, ಹಾರ್ಮೋನಿಯಂ, ತಬಲಾ, ದಪ್ಪು ನುಡಿಸಿದವರ ಹೆಸರು ಗೊತ್ತಿದ್ದಷ್ಟನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅವರಲ್ಲಿ ಯಾರಾದರೂ ಇನ್ನೂ ಇದ್ದಾರೆಂದು ತಿಳಿದರೆ, ಬಸ್ಸು ಹತ್ತಿ ಹೋಗಿ ನೋಡಿ ಬನ್ನಿ.